ಎನ್‌ಬಿಎ ತಂಡಕ್ಕೆ ಟ್ರೇಡ್ ಸೂಚಿಸುವುದು ಹೇಗೆ: ಸಂಬಳ, ಪಿಕ್, ದಿನಾಂಕ ಮತ್ತು ಎದುರು ತಂಡದ ಲೆಕ್ಕ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಹಿಂಬಾಲಿಸುವವರು ತಮ್ಮ ತಂಡಕ್ಕಾಗಿ ಹೆಣೆಯುವ ಟ್ರೇಡ್‌ಗಳಲ್ಲಿ (ತಂಡಗಳ ನಡುವಿನ ಆಟಗಾರರ ವಿನಿಮಯ) ಹೆಚ್ಚಿನವು ಒಂದೇ ಕಡೆ ಮುಗ್ಗರಿಸುತ್ತವೆ. ತಮಗೆ ಯಾರು ಬೇಕು ಎಂಬುದು ಅಲ್ಲಿ ಸ್ಪಷ್ಟವಾಗಿರುತ್ತದೆ. ಎದುರು ತಂಡ ಯಾಕೆ ಒಪ್ಪಬೇಕು ಎಂಬುದು ಇರುವುದೇ ಇಲ್ಲ. ಬೇಡವಾದ ಮೂವರನ್ನು ಸೇರಿಸಿ ಕೊಟ್ಟು ಒಬ್ಬ ತಾರೆಯನ್ನು ಕೇಳಿದರೆ ಯಾವ ಜನರಲ್ ಮ್ಯಾನೇಜರ್ ಕೂಡ ಫೋನ್ ಮುಂದುವರಿಸುವುದಿಲ್ಲ. ಹಾಗಾಗಿ ಕೆಳಗಿನ ಪ್ರತಿ ಹಂತವನ್ನೂ ಎರಡು ಸಲ ಮಾಡಿ: ಒಮ್ಮೆ ನಿಮ್ಮ ತಂಡದ ಕುರ್ಚಿಯಲ್ಲಿ ಕೂತು, ಇನ್ನೊಮ್ಮೆ ಎದುರು ತಂಡದ ಕುರ್ಚಿಯಲ್ಲಿ ಕೂತು.

ಐಪಿಎಲ್ ನೋಡಿ ಅಭ್ಯಾಸವಾದವರು ಒಂದು ವ್ಯತ್ಯಾಸ ಮೊದಲೇ ತಿಳಿದಿರಬೇಕು. 2023ರ ನವೆಂಬರಿನಲ್ಲಿ ಆರ್‌ಸಿಬಿ ಕ್ಯಾಮರೂನ್ ಗ್ರೀನ್ ಅವರನ್ನು ಮುಂಬೈನಿಂದ 17.5 ಕೋಟಿ ರೂಪಾಯಿಗೆ, ಬದಲಿಗೆ ಆಟಗಾರನನ್ನು ಕೊಡದೆ ತಂದಿತು. ಎನ್‌ಬಿಎಯಲ್ಲಿ ಹೀಗೆ ದೊಡ್ಡ ಮೊತ್ತ ಕೊಟ್ಟು ಆಟಗಾರನನ್ನು ಕೊಳ್ಳಲಾಗದು. ಒಂದು ಸೀಸನ್ನಿನಲ್ಲಿ ಕೊಡಬಹುದಾದ ನಗದಿಗೆ ಸಣ್ಣ ಮಿತಿಯಿದೆ. ಇಲ್ಲಿ ಕೈ ಬದಲಾಗುವುದು ಒಪ್ಪಂದಗಳು: ಉಳಿದ ವರ್ಷಗಳು, ಸಂಬಳ, ಷರತ್ತುಗಳ ಸಮೇತ. ಆ ಸಂಬಳಗಳು ಒಂದಕ್ಕೊಂದು ಹೊಂದಬೇಕು.

ಎಲ್ಲ ಮೊತ್ತಗಳನ್ನೂ ಇಲ್ಲಿ ಮಿಲಿಯನ್ ಡಾಲರ್‌ನಲ್ಲೇ ಇಟ್ಟಿದ್ದೇವೆ (1 ಮಿಲಿಯನ್ ಎಂದರೆ 10 ಲಕ್ಷ), ಏಕೆಂದರೆ ಸಂಬಳದ ಪಟ್ಟಿಗಳೆಲ್ಲ ಹಾಗೇ ಸಿಗುತ್ತವೆ. ಅಂಕಿಗಳು 2025–26ರ ಸೀಸನ್ನಿನವು. ಪ್ರತಿ ವರ್ಷ ಜುಲೈ 1ಕ್ಕೆ ಇವು ಬದಲಾಗುತ್ತವೆ, ಆದ್ದರಿಂದ ಹಳೆಯ ಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕಬೇಡಿ.

ಹಂತ 1: ಕೊರತೆಯನ್ನು ನಿಮಿಷದಲ್ಲಿ ಬರೆಯಿರಿ

"ನಮಗೆ ಒಬ್ಬ ಶೂಟರ್ ಬೇಕು" ಎಂದರೆ ಸಾಲದು. ಒಂದು ಪಂದ್ಯ 48 ನಿಮಿಷ, ಅಂಗಳದಲ್ಲಿ ಐವರು. ಅಂದರೆ ಕೋಚ್ ಹಂಚಬೇಕಾದದ್ದು 240 ನಿಮಿಷ. ಒಂದು ಹಾಳೆಯಲ್ಲಿ ಈಗಿನ ಹಂಚಿಕೆ ಬರೆಯಿರಿ: ಯಾರು ಎಷ್ಟು ನಿಮಿಷ, ಯಾವ ಜಾಗದಲ್ಲಿ, ಯಾರ ಜೊತೆಯಲ್ಲಿ. ಆಗ ಕೊರತೆ ತಾನಾಗಿ ಕಾಣುತ್ತದೆ. ಮುಖ್ಯ ಸೆಂಟರ್ ಬೆಂಚಿಗೆ ಹೋದ 14 ನಿಮಿಷಗಳಲ್ಲಿ ರಿಮ್ ಕಾಯುವವರಿಲ್ಲ, ಅಥವಾ ಇಬ್ಬರು ಬಾಲ್ ಹ್ಯಾಂಡ್ಲರ್‌ಗಳಲ್ಲಿ ಒಬ್ಬ ಕೂತ ಕೂಡಲೇ ಆಟ ಕಟ್ಟುವವರಿಲ್ಲ. ಕೊರತೆ ಈ ಬಗೆಯ ವಾಕ್ಯವಾಗಿ ಬರಬೇಕು.

ಪಕ್ಕದಲ್ಲೇ ಟ್ರೇಡ್ ಆದ ಮೇಲಿನ 240 ನಿಮಿಷವನ್ನೂ ಬರೆಯಿರಿ. ಹೊಸಬನಿಗೆ 30 ನಿಮಿಷ ಕೊಟ್ಟರೆ ಆ 30 ಯಾರಿಂದ ಬಂತು? ಹೊರಹೋದವನ ನಿಮಿಷಗಳಷ್ಟರಲ್ಲೇ ಅದು ಮುಗಿಯದಿದ್ದರೆ ಉಳಿದವರಲ್ಲಿ ಯಾರೋ ಒಬ್ಬನ ಪಾತ್ರ ಕುಗ್ಗುತ್ತದೆ. ಅವನು ಮುಂದಿನ ವರ್ಷ ಹೊಸ ಒಪ್ಪಂದ ಬಯಸುತ್ತಿರುವವನಾದರೆ ಅದೇ ಒಂದು ಸಮಸ್ಯೆ. ಚೆಂಡು ಕೈಯಲ್ಲಿಟ್ಟುಕೊಂಡು ಆಡುವ ಮೂವರು ಒಂದೇ ಐವರ ಗುಂಪಿನಲ್ಲಿ ಸೇರುತ್ತಿದ್ದಾರೆಯೇ ಎಂದೂ ಇಲ್ಲೇ ನೋಡಿ. ಹೆಸರುಗಳ ತೂಕ ಎಷ್ಟೇ ಇದ್ದರೂ ಚೆಂಡು ಒಂದೇ.

ಅಂಕಿ ಓದುವಾಗ ಮೂರು ಪಾಯಿಂಟ್ ಶೇಕಡಾವಾರನ್ನು ಒಂಟಿಯಾಗಿ ನಂಬಬೇಡಿ. ನಿಜಕ್ಕೂ 36% ಸಾಮರ್ಥ್ಯವಿರುವವನು 150 ಎಸೆತ ಎಸೆದರೆ ಬರೀ ಅದೃಷ್ಟದಿಂದಲೇ 32ಕ್ಕೂ ಇಳಿಯಬಹುದು, 40ಕ್ಕೂ ಏರಬಹುದು. ಡಿಸೆಂಬರಿನಲ್ಲಿ 41% ಎಂದು ಹೊಳೆಯುತ್ತಿರುವವನಿಗೆ ಎರಡು ಪಿಕ್ (ಹೊಸ ಆಟಗಾರರನ್ನು ಆರಿಸುವ ವಾರ್ಷಿಕ ಡ್ರಾಫ್ಟ್‌ನಲ್ಲಿ ಆಯ್ಕೆಯ ಸರದಿ) ಕೊಟ್ಟು ಮಾರ್ಚಿನಲ್ಲಿ ಕೈ ಹಿಸುಕಿಕೊಳ್ಳುವುದು ಹೀಗೆ. ಎಸೆತಗಳ ಸಂಖ್ಯೆ, ಹಿಂದಿನ ಮೂರು ಸೀಸನ್ನುಗಳ ಒಟ್ಟು, ಫ್ರೀ ಥ್ರೋ ಶೇಕಡಾವಾರು ಈ ಮೂರನ್ನೂ ಸೇರಿಸಿ ನೋಡಿ. ಬಹಳ ಎಸೆಯುವ 36% ಶೂಟರ್‌ನನ್ನು ಎದುರಾಳಿಗಳು ಬಿಟ್ಟು ಕದಲುವುದಿಲ್ಲ. ಮೂಲೆಯಲ್ಲಿ ನಿಂತು ಪಂದ್ಯಕ್ಕೆ ಒಂದೆರಡು ಎಸೆಯುವ 40%ನವನನ್ನು ಪ್ಲೇಆಫ್‌ನಲ್ಲಿ ಬಿಟ್ಟುಬಿಡುತ್ತಾರೆ.

ಹಂತ 2: ತಂಡ ಯಾವ ಗೆರೆಯ ಮೇಲಿದೆ?

ಲೀಗ್ ಮತ್ತು ಆಟಗಾರರ ಸಂಘದ 2023ರ ಕಾರ್ಮಿಕ ಒಪ್ಪಂದ ಬಂದ ಮೇಲೆ, ಯಾವ ಆಟಗಾರ ಬೇಕು ಎನ್ನುವುದಕ್ಕಿಂತ ತಂಡದ ಒಟ್ಟು ಸಂಬಳ ಯಾವ ಗೆರೆಯನ್ನು ದಾಟಿದೆ ಎನ್ನುವುದೇ ಹೆಚ್ಚಿನ ಟ್ರೇಡ್‌ಗಳನ್ನು ನಿರ್ಧರಿಸುತ್ತಿದೆ. ನಾಲ್ಕು ಗೆರೆಗಳಿವೆ. ಸ್ಯಾಲರಿ ಕ್ಯಾಪ್ (ಒಟ್ಟು ಸಂಬಳದ ಮೂಲ ಮಿತಿ) 154.647 ಮಿಲಿಯನ್. ಲಕ್ಷುರಿ ಟ್ಯಾಕ್ಸ್ ಶುರುವಾಗುವುದು 187.895ಕ್ಕೆ. ಮೊದಲ ಏಪ್ರನ್ 195.945, ಎರಡನೇ ಏಪ್ರನ್ 207.824. ಏಪ್ರನ್ ಎಂದರೆ ಟ್ಯಾಕ್ಸ್ ಗೆರೆಗೂ ಮೇಲಿನ ಗೆರೆ, ದಾಟಿದರೆ ಟ್ರೇಡ್ ಮತ್ತು ಸಹಿಯ ದಾರಿಗಳು ಕಡಿಮೆಯಾಗುತ್ತವೆ.

ಕ್ಯಾಪ್ ದಾಟಿದ ತಂಡ ಹೊರಗಿನವರನ್ನು ವಿನಾಯಿತಿಗಳ ಮೂಲಕವಷ್ಟೇ ಸಹಿ ಮಾಡಿಸಬಹುದು. ಟ್ರೇಡ್‌ನಲ್ಲಿ ಸಂಬಳ ಹೊಂದಿಸಬೇಕು. ಟ್ಯಾಕ್ಸ್ ಗೆರೆ ದಾಟಿದರೆ ಮಾಲೀಕನ ಜೇಬಿಗೆ ನೇರ ಹೊಡೆತ. ಮೊದಲ 5.685 ಮಿಲಿಯನ್‌ವರೆಗೆ ಪ್ರತಿ ಡಾಲರಿಗೆ 1 ಡಾಲರ್ ದಂಡ, ಮುಂದಿನ ಅಷ್ಟೇ ಮೊತ್ತಕ್ಕೆ 1.25, ಆಮೇಲೆ ಒಮ್ಮೆಲೇ 3.50, ನಂತರ 4.75. ಹಿಂದಿನ ನಾಲ್ಕರಲ್ಲಿ ಮೂರು ಸೀಸನ್ ಟ್ಯಾಕ್ಸ್ ಕಟ್ಟಿದ ತಂಡಕ್ಕೆ ಮೊದಲ ಎರಡು ಮೆಟ್ಟಿಲುಗಳೇ 3.00 ಮತ್ತು 3.25. ಗೆರೆಗಿಂತ 10 ಮಿಲಿಯನ್ ಮೇಲಿರುವ ಸಾಮಾನ್ಯ ತಂಡ ಸುಮಾರು 11.1 ಮಿಲಿಯನ್ ಕಟ್ಟಿದರೆ, ಪದೇ ಪದೇ ಕಟ್ಟುವ ತಂಡಕ್ಕೆ ಅದೇ 10ಕ್ಕೆ ಸುಮಾರು 31.1 ಮಿಲಿಯನ್. ಟ್ಯಾಕ್ಸ್ ಲೆಕ್ಕವಾಗುವುದು ರೆಗ್ಯುಲರ್ ಸೀಸನ್ನಿನ ಕೊನೆಯ ದಿನದ ಸಂಬಳದ ಮೇಲೆ. ಗೆರೆಗಿಂತ ಎರಡು ಮೂರು ಮಿಲಿಯನ್ ಮೇಲಿರುವ ತಂಡಗಳು ಫೆಬ್ರವರಿಯಲ್ಲಿ ಬೆಂಚಿನ ಆಟಗಾರನನ್ನು ಸೆಕೆಂಡ್ ರೌಂಡ್ (ಡ್ರಾಫ್ಟ್‌ನ ಎರಡನೇ ಸುತ್ತಿನ) ಪಿಕ್ ಜೊತೆ ಸೇರಿಸಿ ಸಾಗಹಾಕುವುದು ಇದಕ್ಕಾಗಿಯೇ. ಅಂಥವರನ್ನು ತೆಗೆದುಕೊಳ್ಳಲು ಜಾಗವಿರುವ ತಂಡ ನಿಮ್ಮದಾದರೆ ಬಿಟ್ಟಿಯಾಗಿ ಪಿಕ್ ಗಳಿಸುವ ದಾರಿ ಇದು. ಅಭಿಮಾನಿಗಳು ಇದನ್ನು ಸೂಚಿಸುವುದು ಕಡಿಮೆ, ತಂಡಗಳು ಮಾಡುವುದು ಹೆಚ್ಚು.

ಹಂತ 3: ಸಂಬಳ ಹೊಂದಿಸಿ, ಆಮೇಲೆ ಮೇಲಿನ ಗೆರೆ ನೋಡಿ

ಮೊದಲ ಏಪ್ರನ್‌ಗಿಂತ ಕೆಳಗಿರುವ ತಂಡ ಕೊಟ್ಟದ್ದಕ್ಕಿಂತ ಹೆಚ್ಚು ಸಂಬಳ ತೆಗೆದುಕೊಳ್ಳಬಹುದು. ಕಳುಹಿಸುವ ಸಂಬಳ 8.277 ಮಿಲಿಯನ್‌ವರೆಗಿದ್ದರೆ ಅದರ ಎರಡರಷ್ಟು ಮತ್ತು 2.5 ಲಕ್ಷ ಡಾಲರ್. ಅಲ್ಲಿಂದ ಸುಮಾರು 33.1 ಮಿಲಿಯನ್‌ವರೆಗೆ, ಕಳುಹಿಸಿದ್ದರ ಮೇಲೆ 8.527 ಮಿಲಿಯನ್. ಅದಕ್ಕೂ ಮೇಲಿದ್ದರೆ 125% ಮತ್ತು 2.5 ಲಕ್ಷ. ಮೊದಲ ಏಪ್ರನ್ ದಾಟಿದ ತಂಡ ಕೊಟ್ಟದ್ದಕ್ಕಿಂತ ಒಂದು ಡಾಲರ್ ಕೂಡ ಹೆಚ್ಚು ತರುವಂತಿಲ್ಲ.

ಎಡವುವ ಜಾಗ ಇರುವುದು ಮುಂದೆ. ಕೊಟ್ಟದ್ದಕ್ಕಿಂತ ಹೆಚ್ಚು ಸಂಬಳ ತಂದ ತಂಡ ಆ ಸೀಸನ್ ಪೂರ್ತಿ ಮೊದಲ ಏಪ್ರನ್‌ಗೆ ಹಾರ್ಡ್ ಕ್ಯಾಪ್ ಆಗುತ್ತದೆ. ಅಂದರೆ 195.945 ಅನ್ನು ಯಾವ ಕಾರಣಕ್ಕೂ ದಾಟುವಂತಿಲ್ಲ, ಗಾಯಾಳುವಿನ ಬದಲಿಯನ್ನು ತರಲಿಕ್ಕೂ ಕೂಡ. ಒಂದು ಕಾಲ್ಪನಿಕ ಲೆಕ್ಕ ನೋಡಿ.

ನಿಮ್ಮ ತಂಡದ ಸಂಬಳ 190 ಮಿಲಿಯನ್, ರೋಸ್ಟರ್‌ನಲ್ಲಿ (ತಂಡದ ಆಟಗಾರರ ಪಟ್ಟಿಯಲ್ಲಿ) 14 ಜನ. 14.5 ಮತ್ತು 3.5 ಮಿಲಿಯನ್‌ನ ಇಬ್ಬರನ್ನು, ಒಟ್ಟು 18 ಮಿಲಿಯನ್, ಕಳುಹಿಸಿ ಒಬ್ಬ ವಿಂಗ್ ಆಟಗಾರನನ್ನು ತರಬೇಕು. ಹೊಂದಾಣಿಕೆಯ ನಿಯಮದಲ್ಲಿ 26.527ರವರೆಗೆ ತರಬಹುದು. ಆದರೆ ಹಾರ್ಡ್ ಕ್ಯಾಪ್ ಲೆಕ್ಕದಲ್ಲಿ 190ರಿಂದ 18 ಕಳೆದು ಉಳಿಯುವ 172ಕ್ಕೆ ಸೇರಿಸಬಹುದಾದದ್ದು 23.945 ಮಾತ್ರ. 25 ಮಿಲಿಯನ್‌ನವನು ಮೊದಲ ಪರೀಕ್ಷೆಯಲ್ಲಿ ಪಾಸು, ಎರಡನೆಯದರಲ್ಲಿ ನಪಾಸು. ಸರಿ, 23 ಮಿಲಿಯನ್‌ನವನನ್ನು ತಂದಿರಿ ಎನ್ನೋಣ. ಈಗ ಸಂಬಳ 195, ಗೆರೆಯವರೆಗೆ ಉಳಿದದ್ದು 0.945 ಮಿಲಿಯನ್, ರೋಸ್ಟರ್‌ನಲ್ಲಿ 13 ಜನ. ಹದಿನಾಲ್ಕಕ್ಕಿಂತ ಕಡಿಮೆ ಜನರಿಟ್ಟುಕೊಂಡು ಒಮ್ಮೆಗೆ ಎರಡು ವಾರವಷ್ಟೇ ಇರಬಹುದು. ಟ್ರೇಡ್ ಡಿಸೆಂಬರ್ 20ಕ್ಕೆ ಆದರೆ ಜನವರಿ 3ಕ್ಕೆ ಹದಿನಾಲ್ಕನೆಯವನು ಬೇಕು.

ಎರಡು ವರ್ಷಕ್ಕೂ ಮೇಲ್ಪಟ್ಟ ಅನುಭವಿಯ ಕನಿಷ್ಠ ಒಪ್ಪಂದ ತಂಡದ ಲೆಕ್ಕಕ್ಕೆ ಇಡೀ ಸೀಸನ್ನಿಗೆ 2.296 ಮಿಲಿಯನ್. ಸೀಸನ್ 174 ದಿನ, ಆದ್ದರಿಂದ ದಿನಕ್ಕೆ ಸುಮಾರು 13,200 ಡಾಲರ್. ಜನವರಿ 3ರಿಂದ ಏಪ್ರಿಲ್ 12ರವರೆಗೆ 100 ದಿನ, ಅಂದರೆ 1.32 ಮಿಲಿಯನ್. ಉಳಿದಿರುವುದು 0.945. ಟ್ರೇಡ್ ಮೆಷಿನ್ (ಟ್ರೇಡ್ ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡುವ ವೆಬ್ ಸಾಧನ) ಹಸಿರು ದೀಪ ತೋರಿಸಿದ ಈ ವ್ಯವಹಾರ ನಿಜದಲ್ಲಿ ನಡೆಯದು. ಇದೇ ಹಣಕ್ಕೆ ಫೆಬ್ರವರಿ 1ರಿಂದ ಆಚೆಗೆ ಒಬ್ಬನನ್ನು ಸಹಿ ಮಾಡಿಸಬಹುದು, ಆಗ ಉಳಿಯುವುದು 71 ದಿನ. ಆದ್ದರಿಂದ ಒಂದೋ ಟ್ರೇಡನ್ನು ಜನವರಿಯ ಮೂರನೇ ವಾರಕ್ಕೆ ತಳ್ಳಬೇಕು, ಇಲ್ಲವೇ ಎದುರು ತಂಡದಿಂದ ಒಬ್ಬ ಅಗ್ಗದ ಆಟಗಾರನನ್ನೂ ಅದರೊಳಗೇ ಪಡೆಯಬೇಕು. ಆಗ ಅವನ ಪೂರ್ತಿ ವರ್ಷದ ಸಂಬಳ ನಿಮ್ಮ ಲೆಕ್ಕಕ್ಕೆ ಬರುತ್ತದೆ, ವಿಂಗ್ ಆಟಗಾರ 21.6 ಮಿಲಿಯನ್ ದಾಟುವಂತಿಲ್ಲ. ಫೆಬ್ರವರಿಯ ಟ್ರೇಡ್ ಗಡುವಿನ ಹೊತ್ತಿನ ಟ್ರೇಡ್‌ಗಳಲ್ಲಿ ಯಾರೂ ಕೇಳಿರದ ಹೆಸರೊಂದು ಸೇರಿಕೊಂಡಿದ್ದರೆ, ಎಷ್ಟೋ ಸಲ ಇಂಥ ಲೆಕ್ಕವೇ ಕಾರಣ.

ಎದುರು ತಂಡಕ್ಕೂ ಇದೇ ಲೆಕ್ಕ ಮಾಡಿ. ಅವರು ಒಬ್ಬನನ್ನು ಕೊಟ್ಟು ಇಬ್ಬರನ್ನು ಪಡೆಯುತ್ತಿದ್ದಾರೆ. ಅವರ 15 ಜಾಗಗಳೂ ತುಂಬಿದ್ದರೆ ಯಾರನ್ನು ಕೈಬಿಡಬೇಕು? ಆ ಆಟಗಾರನ ಉಳಿದ ಸಂಬಳವನ್ನು ಕಟ್ಟುವವರು ಯಾರು? ಮೂರು ಟೂ-ವೇ ಜಾಗಗಳು (ಮುಖ್ಯ ತಂಡ ಮತ್ತು ಕಿರಿಯ ಲೀಗ್ ಎರಡರಲ್ಲೂ ಆಡುವವರದು) ಇದಕ್ಕೆ ಲೆಕ್ಕವಿಲ್ಲ.

ಎರಡನೇ ಏಪ್ರನ್ ತಂಡ: ಒಂದನ್ನು ಒಡೆಯಬಹುದು, ಎರಡನ್ನು ಕೂಡಿಸಲಾಗದು

207.824 ದಾಟಿದ ತಂಡ ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಸಂಬಳದವನನ್ನು ತರುವಂತಿಲ್ಲ, ಟ್ರೇಡ್‌ನಲ್ಲಿ ನಗದು ಕೊಡುವಂತಿಲ್ಲ, ಕ್ಯಾಪ್ ದಾಟಿಯೂ ಹೊರಗಿನವನನ್ನು ಸಹಿ ಮಾಡಿಸಲು ಇರುವ ಮಿಡ್-ಲೆವೆಲ್ ವಿನಾಯಿತಿಯೂ ಇಲ್ಲ. ಮೇಲಾಗಿ ಏಳು ವರ್ಷ ಮುಂದಿನ ಫಸ್ಟ್ ರೌಂಡ್ ಪಿಕ್ ಕೈ ಬದಲಾಗದಂತೆ ಹೆಪ್ಪುಗಟ್ಟುತ್ತದೆ. ಮುಂದಿನ ನಾಲ್ಕು ವರ್ಷಗಳಲ್ಲಿ ಇನ್ನೆರಡು ಸಲ ಆ ಗೆರೆ ದಾಟಿದರೆ ಆ ಪಿಕ್ ಮೊದಲ ಸುತ್ತಿನ ಕೊನೆಗೆ ಜಾರುತ್ತದೆ.

ಆದರೂ ಅಂಥ ತಂಡದ ಜೊತೆ ದೊಡ್ಡ ಟ್ರೇಡ್ ಸಾಧ್ಯ. 2024ರ ಶರತ್ಕಾಲದಲ್ಲಿ ಮಿನ್ನೆಸೋಟ ಕಾರ್ಲ್-ಆಂಥನಿ ಟೌನ್ಸ್ ಅವರನ್ನು ನ್ಯೂಯಾರ್ಕ್ ನಿಕ್ಸ್‌ಗೆ ಕಳುಹಿಸಿ ಜೂಲಿಯಸ್ ರ‍್ಯಾಂಡಲ್, ಡಾಂಟೆ ಡಿವಿನ್ಚೆಂಜೊ ಅವರನ್ನು ಪಡೆಯಿತು. ಮಿನ್ನೆಸೋಟ ಎರಡನೇ ಏಪ್ರನ್ ಮೇಲಿತ್ತು. ಆದರೆ ಅದರ ಕಡೆಯಿಂದ ಹೋದದ್ದು 49.2 ಮಿಲಿಯನ್‌ನ ಒಂದೇ ಸಂಬಳ, ಬಂದವು ಅದಕ್ಕಿಂತ ಸಣ್ಣ ಸಂಬಳಗಳು. ಕೂಡಿಸುವ ಪ್ರಶ್ನೆಯೇ ಏಳಲಿಲ್ಲ. ಕಷ್ಟವಾದದ್ದು ನಿಕ್ಸ್‌ಗೆ. ಕೊಡುವವರ ಒಟ್ಟು ಟೌನ್ಸ್ ಸಂಬಳಕ್ಕೆ ಕೆಲವು ಮಿಲಿಯನ್ ಸಾಲದೆ ಬಂತು. ಅದಕ್ಕಾಗಿ ಹಿಂದಿನ ಸೀಸನ್ನಿನಲ್ಲಿ ತಮ್ಮ ಬೆಂಚಿನ ತುದಿಯಲ್ಲಿದ್ದ ಮೂವರನ್ನು ಸೈನ್-ಆ್ಯಂಡ್-ಟ್ರೇಡ್ (ಸಹಿ ಮಾಡಿಸಿದ ಕೂಡಲೇ ಟ್ರೇಡ್ ಮಾಡುವುದು) ಮೂಲಕ ಮೂರನೇ ತಂಡ ಷಾರ್ಲಟ್‌ಗೆ ಕಳುಹಿಸಿ ಅಂತರ ತುಂಬಿಸಿದರು. ಆ ಮೂವರನ್ನು ಹೊತ್ತುಕೊಂಡಿದ್ದಕ್ಕೆ ಷಾರ್ಲಟ್‌ಗೆ ಡ್ರಾಫ್ಟ್ ಪಿಕ್‌ಗಳು ಸಿಕ್ಕವು. ಸಂಬಳ ಸಾಲದಾಗ ಕೈಬಿಡುವ ಮೊದಲು ಒಂದು ವಿಷಯ ನೋಡಿ: ನಿಮ್ಮ ತಂಡದಲ್ಲಿ ಕಳೆದ ಸೀಸನ್ ಮುಗಿಸಿ ಇನ್ನೂ ಎಲ್ಲೂ ಸಹಿ ಮಾಡದೆ ಉಳಿದವರು ಇದ್ದಾರೆಯೇ? ಇಂಥ ಒಪ್ಪಂದ ಕನಿಷ್ಠ ಮೂರು ವರ್ಷದ್ದಾಗಿರಬೇಕು, ಮೊದಲ ವರ್ಷಕ್ಕೆ ಮಾತ್ರ ಗ್ಯಾರಂಟಿ ಇದ್ದರೆ ಸಾಕು. ಈ ರೀತಿ ಆಟಗಾರನನ್ನು ಪಡೆಯುವ ತಂಡ ಮೊದಲ ಏಪ್ರನ್‌ಗೆ ಹಾರ್ಡ್ ಕ್ಯಾಪ್ ಆಗುತ್ತದೆ ಎಂಬುದು ಮರೆಯಬಾರದು. ಆಗ ಷಾರ್ಲಟ್ ಸಂಬಳ ಬಹಳ ಕೆಳಗಿತ್ತು, ಅದಕ್ಕೆ ಅದೊಂದು ತೊಂದರೆಯೇ ಆಗಲಿಲ್ಲ.

ಹಂತ 4: ಎದುರು ತಂಡಕ್ಕೆ ಏನು ಬೇಕು?

ಒಂದೇ ಆಟಗಾರನಿಗೆ ಎರಡು ತಂಡಗಳು ಬೇರೆ ಬೇರೆ ಬೆಲೆ ಕಟ್ಟಿದರಷ್ಟೇ ಟ್ರೇಡ್ ಹುಟ್ಟುತ್ತದೆ. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆಂದು ಹುಡುಕಿ. 2025ರ ಮೇ ತಿಂಗಳಲ್ಲಿ ತನ್ನ ತಾರೆ ಜೇಸನ್ ಟೇಟಮ್ ಅವರ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದ ಮೇಲೆ ಬೋಸ್ಟನ್‌ಗೆ ಮುಂದಿನ ಸೀಸನ್ನಿಗೆ ದುಬಾರಿ ತಂಡ ಸಾಕುವ ಕಾರಣ ಉಳಿಯಲಿಲ್ಲ. ಜ್ರೂ ಹಾಲಿಡೇ ಅವರ ಒಪ್ಪಂದದಲ್ಲಿ ಇನ್ನೂ ಮೂರು ವರ್ಷವಿತ್ತು. ಅವರನ್ನು ಪೋರ್ಟ್‌ಲ್ಯಾಂಡ್‌ಗೆ ಕೊಟ್ಟು ಒಂದೇ ವರ್ಷ ಉಳಿದಿದ್ದ ಆನ್ಫರ್ನಿ ಸೈಮನ್ಸ್ ಅವರನ್ನು ತಂದರು. 30.7 ಮಿಲಿಯನ್‌ನ ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಅಟ್ಲಾಂಟಕ್ಕೆ ಹೋದರು, ಬೋಸ್ಟನ್‌ಗೆ ಬಂದ ಜಾರ್ಜಸ್ ನಿಯಾಂಗ್ ಅವರ ಸಂಬಳ ಸುಮಾರು 8.2. ಬರೀ ಪ್ರತಿಭೆಯ ತಕ್ಕಡಿಯಲ್ಲಿಟ್ಟರೆ ಇದು ಸೋಲಿನ ವ್ಯಾಪಾರದಂತೆ ಕಾಣುತ್ತದೆ. ಬೋಸ್ಟನ್ ಕೊಂಡದ್ದು ಎರಡನೇ ಏಪ್ರನ್‌ನಿಂದ ಬಿಡುಗಡೆಯನ್ನು.

ಅದೇ ಬೇಸಿಗೆಯಲ್ಲಿ ಡೆನ್ವರ್ ಮಾಡಿದ್ದು ಅಭಿಮಾನಿಗಳು ಕಲಿಯಬೇಕಾದ ಮಾದರಿ. ದೊಡ್ಡ ಕ್ಯಾಪ್ ಜಾಗ (ಕ್ಯಾಪ್ ಮುಟ್ಟುವವರೆಗೆ ಉಳಿದಿರುವ ಮೊತ್ತ) ಇಟ್ಟುಕೊಂಡಿದ್ದದ್ದು ಆಗ ಬಹುತೇಕ ಬ್ರೂಕ್ಲಿನ್ ಒಂದೇ. ಸುಮಾರು 38 ಮಿಲಿಯನ್‌ನ ಮೈಕಲ್ ಪೋರ್ಟರ್ ಜೂನಿಯರ್ ಮತ್ತು 2032ರ ಫಸ್ಟ್ ರೌಂಡ್ ಪಿಕ್ ಕೊಟ್ಟು ಸುಮಾರು 21 ಮಿಲಿಯನ್‌ನ ಕ್ಯಾಮರೂನ್ ಜಾನ್ಸನ್ ಅವರನ್ನು ಡೆನ್ವರ್ ಪಡೆಯಿತು. ಉಳಿದ ಜಾಗದಿಂದ ಯೋನಸ್ ವಲಾನ್ಚಿಯುನಸ್, ಬ್ರೂಸ್ ಬ್ರೌನ್, ಟಿಮ್ ಹಾರ್ಡವೇ ಜೂನಿಯರ್ ಬಂದರು. ಒಬ್ಬರ ಬದಲು ನಾಲ್ವರು ಆಡಬಲ್ಲವರು, ಅದೂ ತಂಡದ ತಾರೆ ನಿಕೊಲಾ ಯೋಕಿಚ್ ಉತ್ತುಂಗದಲ್ಲಿರುವಾಗ. ಬ್ರೂಕ್ಲಿನ್‌ಗೆ ಬೇಕಿದ್ದದ್ದು ದೂರದ ಪಿಕ್, ಅದು ಸಿಕ್ಕಿತು.

ಹೀಗೆ ಪ್ರತಿ ತಂಡದ ಪಕ್ಕ ಒಂದು ಸಾಲು ಬರೆಯಿರಿ: ಈ ವರ್ಷ ಗೆಲ್ಲಬೇಕೋ, ಪಿಕ್ ಕೂಡಿಡಬೇಕೋ, ಟ್ಯಾಕ್ಸ್ ಇಳಿಸಬೇಕೋ, ಮುಂದಿನ ಬೇಸಿಗೆಗೆ ಕ್ಯಾಪ್ ಜಾಗ ಬೇಕೋ. ಒಬ್ಬ 22 ವರ್ಷದ ಗಾರ್ಡ್ ಕೊನೆಯ ಸ್ಥಾನದ ತಂಡಕ್ಕೆ ಚಿನ್ನ. ಅದೇ ತಂಡಕ್ಕೆ 33 ವರ್ಷದ ಉತ್ತಮ ಫಾರ್ವರ್ಡ್‌ನಿಂದ ಆಗುವುದೇನೂ ಇಲ್ಲ, ಅವನ ಒಪ್ಪಂದ ಈ ವರ್ಷ ಮುಗಿಯುತ್ತದೆ ಎಂಬುದನ್ನು ಬಿಟ್ಟರೆ.

ಆಟಗಾರನ ಹಕ್ಕನ್ನೂ ನೋಡಿ. ಎಂಟು ವರ್ಷ ಲೀಗ್‌ನಲ್ಲಿ ಆಡಿ, ಅದರಲ್ಲಿ ನಾಲ್ಕು ವರ್ಷ ಆ ತಂಡದಲ್ಲಿದ್ದವನು ಹೊಸ ಒಪ್ಪಂದದಲ್ಲಿ ನೋ-ಟ್ರೇಡ್ ಷರತ್ತು ಕೇಳಬಹುದು. ಬ್ರಾಡ್ಲಿ ಬೀಲ್ ಅವರಿಗೆ ಇದಿತ್ತು, ಫೀನಿಕ್ಸ್ ಅವರನ್ನು ಸಾಗಿಸಲಾಗದೆ 2025ರ ಜುಲೈನಲ್ಲಿ ಬೈಔಟ್ ಮಾಡಿತು (ಉಳಿದ ಸಂಬಳದ ಒಂದು ಭಾಗ ಕೊಟ್ಟು ಒಪ್ಪಂದ ಮುಗಿಸಿತು). ಒಂದು ವರ್ಷದ ಒಪ್ಪಂದಕ್ಕೆ ಹಳೆಯ ತಂಡದಲ್ಲೇ ಮರಳಿ ಸಹಿ ಮಾಡಿ, ಸೀಸನ್ ಮುಗಿದಾಗ ಬರ್ಡ್ ಹಕ್ಕಿಗೆ (ಕ್ಯಾಪ್ ದಾಟಿಯೂ ಸ್ವಂತ ಆಟಗಾರನನ್ನು ಉಳಿಸಿಕೊಳ್ಳುವ ವಿನಾಯಿತಿ, ಹಂತ 7 ನೋಡಿ) ಅರ್ಹನಾಗಲಿರುವವನಿಗೂ ಸಾಮಾನ್ಯವಾಗಿ ಬೇಡ ಎನ್ನುವ ಹಕ್ಕಿರುತ್ತದೆ. ಕೆಲವರ ಒಪ್ಪಂದದಲ್ಲಿ ಟ್ರೇಡ್ ಆದರೆ 15%ವರೆಗೆ ಬೋನಸ್ ಸೇರುತ್ತದೆ. ಅದು ಬರುವ ಸಂಬಳವನ್ನು ಹಿಗ್ಗಿಸಿ ನಿಮ್ಮ ಹಾರ್ಡ್ ಕ್ಯಾಪ್ ಲೆಕ್ಕವನ್ನು ಕೆಡಿಸಬಹುದು.

ಹಂತ 5: ಪಿಕ್ ಕೊಡುವಾಗ

ಒಂದು ತಂಡ ಮುಂದಿನ ಏಳು ಡ್ರಾಫ್ಟ್‌ಗಳವರೆಗಿನ ಪಿಕ್ ಮಾತ್ರ ಕೊಡಬಹುದು. ಅದರ ಮೇಲೆ ಸ್ಟೆಪಿಯನ್ ನಿಯಮ: ಮುಂದಿನ ಯಾವುದೇ ಎರಡು ಸತತ ವರ್ಷಗಳಲ್ಲಿ ತಂಡ ಫಸ್ಟ್ ರೌಂಡ್ ಪಿಕ್ ಇಲ್ಲದೆ ಉಳಿಯುವ ಸಾಧ್ಯತೆಯೇ ಇರಬಾರದು. ಎಂಬತ್ತರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ಮಾಲೀಕ ಟೆಡ್ ಸ್ಟೆಪಿಯನ್ ಪಿಕ್‌ಗಳನ್ನು ಬೇಕಾಬಿಟ್ಟಿ ಕೊಟ್ಟು ತಂಡವನ್ನು ಬರಿದು ಮಾಡಿದ್ದರಿಂದ ಬಂದ ನಿಯಮ ಇದು.

ದೊಡ್ಡ ಟ್ರೇಡ್‌ಗಳ ಆಕಾರವೇ ಇದರಿಂದ ರೂಪುಗೊಂಡಿದೆ. 2023ರ ಫೆಬ್ರವರಿಯಲ್ಲಿ ಕೆವಿನ್ ಡುರಾಂಟ್‌ಗಾಗಿ ಫೀನಿಕ್ಸ್ ಬ್ರೂಕ್ಲಿನ್‌ಗೆ ಕೊಟ್ಟದ್ದು 2023, 2025, 2027, 2029ರ ಪಿಕ್‌ಗಳು ಮತ್ತು 2028ರಲ್ಲಿ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು. ಬೆಸ ವರ್ಷಗಳಷ್ಟೇ ಏಕೆಂದು ಈಗ ಗೊತ್ತಾಗುತ್ತದೆ. ನಡುವಿನ ವರ್ಷದ ಪಿಕ್ ಕೊಡಲಾಗದು, ಆದರೆ ಅದಲುಬದಲು ಕೊಡಬಹುದು, ಏಕೆಂದರೆ ಆಗಲೂ ತಂಡಕ್ಕೆ ಒಂದು ಪಿಕ್ ಉಳಿಯುತ್ತದೆ. ಮರುವರ್ಷ ಮಿಕಾಲ್ ಬ್ರಿಜಸ್‌ಗಾಗಿ ನಿಕ್ಸ್ ಕೊಟ್ಟ ತಮ್ಮ ಪಿಕ್‌ಗಳೂ 2025, 2027, 2029, 2031, ನಡುವೆ 2028ರ ಅದಲುಬದಲು.

ರಕ್ಷಿತ ಪಿಕ್ ಇನ್ನೂ ಜಾರುವ ನೆಲ. ನಿಮ್ಮ ತಂಡ 2027ರ ಪಿಕ್ ಅನ್ನು "ಮೊದಲ ನಾಲ್ಕರೊಳಗೆ ಬಂದರೆ ನಮ್ಮದೇ, ಆಗ 2028ರದ್ದು ನಿಮಗೆ" ಎಂದು ಈಗಾಗಲೇ ಕೊಟ್ಟಿದ್ದರೆ, 2026 ಮತ್ತು 2029ರ ಪಿಕ್‌ಗಳೂ ಬೀಗ ಹಾಕಿದಂತೆ. 2027ರದ್ದು ಹೋಗಬಹುದಾದ್ದರಿಂದ 2026 ಕೊಡುವಂತಿಲ್ಲ, 2028ರದ್ದು ಹೋಗಬಹುದಾದ್ದರಿಂದ 2029 ಕೊಡುವಂತಿಲ್ಲ. ಒಂದೇ ಪಿಕ್, ನಾಲ್ಕು ವರ್ಷ ಬಂದ್. ಟ್ರೇಡ್ ಮೆಷಿನ್‌ಗಳು ಸಂಬಳ ನೋಡುವಷ್ಟು ಜಾಗ್ರತೆಯಿಂದ ಇದನ್ನು ನೋಡುವುದಿಲ್ಲ. ಪಿಕ್ ಸಾಲಗಳ ಪಟ್ಟಿಯನ್ನು ಬೇರೆಯಾಗಿ ತೆರೆದಿಟ್ಟುಕೊಳ್ಳಿ.

ಬೆಲೆ ಕಟ್ಟುವಾಗ ಹತ್ತಿರದ ಪಿಕ್‌ಗಿಂತ ದೂರದ್ದಕ್ಕೆ ಹೆಚ್ಚು ತೂಕ ಬರುವುದುಂಟು. ಈಗ ಗೆಲ್ಲುತ್ತಿರುವ ತಂಡದ ಈ ವರ್ಷದ ಪಿಕ್ 27ನೆಯದ್ದಾಗಿರಬಹುದು. ಆರು ವರ್ಷದ ನಂತರ ಆ ತಂಡದ ತಾರೆ ಇರುತ್ತಾರೋ ಇಲ್ಲವೋ. 2019ರಲ್ಲಿ ಬಂದ ಲಾಟರಿ ಪದ್ಧತಿಯಲ್ಲಿ (ಸೋತ ತಂಡಗಳಲ್ಲಿ ಮೊದಲು ಆರಿಸುವವರು ಯಾರೆಂದು ಅದೃಷ್ಟದ ಮೇಲೆ ನಿರ್ಧರಿಸುವುದು) ಕೆಳಗಿನ ಮೂರು ತಂಡಗಳಿಗೂ ಮೊದಲ ಪಿಕ್‌ನ ಅವಕಾಶ ತಲಾ 14%. ಆದರೆ 2025ರಲ್ಲಿ ಡಲ್ಲಾಸ್ 1.8% ಅವಕಾಶದಿಂದ ಗೆದ್ದು ಕೂಪರ್ ಫ್ಲ್ಯಾಗ್ ಅವರನ್ನು ಪಡೆಯಿತು. ರಕ್ಷಣೆಯಿಲ್ಲದ ಪಿಕ್ ಕೊಡುವವರು ಅದನ್ನು ನೆನಪಿಡಬೇಕು. ಎರಡನೇ ತಾರೆಗಾಗಿ ಕೊಡಿ. ಎಂಟನೇ ಆಟಗಾರನಿಗಾಗಿ ಕೊಡಬೇಡಿ, ಅವನಿಗೆ ಸೆಕೆಂಡ್ ರೌಂಡ್ ಪಿಕ್‌ಗಳು ಸಾಕು.

ಹಂತ 6: ದಿನಾಂಕ

ಬೇಸಿಗೆಯಲ್ಲಿ ಸಹಿ ಮಾಡಿದ ಹೆಚ್ಚಿನ ಆಟಗಾರರನ್ನು ಡಿಸೆಂಬರ್ 15ರವರೆಗೆ ಟ್ರೇಡ್ ಮಾಡುವಂತಿಲ್ಲ. ತಡವಾಗಿ ಸಹಿ ಮಾಡಿದ್ದರೆ ಮೂರು ತಿಂಗಳು. ಕ್ಯಾಪ್ ಮೇಲಿದ್ದ ತಂಡ ಬರ್ಡ್ ಹಕ್ಕು ಬಳಸಿ ಸಂಬಳವನ್ನು 20%ಗಿಂತ ಹೆಚ್ಚು ಏರಿಸಿ ಉಳಿಸಿಕೊಂಡಿದ್ದರೆ ಜನವರಿ 15. ಹೊಸದಾಗಿ ಸಹಿ ಮಾಡಿದ ಡ್ರಾಫ್ಟ್ ಆಟಗಾರನಿಗೆ 30 ದಿನ. ದೊಡ್ಡ ವಿಸ್ತರಣೆಗೆ ಸಹಿ ಹಾಕಿದವನಿಗೆ ಆರು ತಿಂಗಳು, ಆದ್ದರಿಂದ ಸೆಪ್ಟೆಂಬರಿನಲ್ಲಿ ವಿಸ್ತರಣೆಯಾದ ತಾರೆಯನ್ನು ಫೆಬ್ರವರಿಯ ಟ್ರೇಡ್‌ಗೆ ಸೇರಿಸಿದರೆ ಅದು ಅಲ್ಲೇ ಮುಗಿಯಿತು. ಟ್ರೇಡ್‌ನಲ್ಲಿ ಬಂದವನನ್ನು ಒಂಟಿಯಾಗಿ ಮತ್ತೆ ಕಳುಹಿಸಬಹುದು, ಆದರೆ ಬೇರೊಬ್ಬನ ಸಂಬಳದ ಜೊತೆ ಕೂಡಿಸಲು ಎರಡು ತಿಂಗಳು ಕಾಯಬೇಕು.

ಗಡುವು 2026ರಲ್ಲಿ ಫೆಬ್ರವರಿ 5ರ ಮಧ್ಯಾಹ್ನ 3 ಗಂಟೆ, ಅಮೆರಿಕದ ಪೂರ್ವ ಕರಾವಳಿಯ ಸಮಯ. ನಮ್ಮಲ್ಲಿ ಆಗ ಫೆಬ್ರವರಿ 6ರ ನಸುಕಿನ 1:30. ಗಡುವಿಗೆ ಅಂಟಿಕೊಂಡು ಮಾಡುವ ಟ್ರೇಡ್‌ನ ಅಪಾಯ ವೈದ್ಯಕೀಯ ತಪಾಸಣೆ. 2025ರಲ್ಲಿ ಲೇಕರ್ಸ್ ಸೆಂಟರ್ ಮಾರ್ಕ್ ವಿಲಿಯಮ್ಸ್‌ಗಾಗಿ ಡಾಲ್ಟನ್ ನೆಕ್ಟ್, ಕ್ಯಾಮ್ ರೆಡಿಶ್, 2031ರ ಪಿಕ್ ಮತ್ತು 2030ರ ಅದಲುಬದಲು ಕೊಡಲು ಒಪ್ಪಿದ್ದರು. ತಪಾಸಣೆ ತೃಪ್ತಿಕರವಾಗದೆ ಅದನ್ನು ರದ್ದು ಮಾಡಿದಾಗ ಗಡುವು ದಾಟಿಹೋಗಿತ್ತು, ಬೇರೆ ಸೆಂಟರ್ ತರುವ ಟ್ರೇಡ್‌ಗೆ ಅವಕಾಶವಿರಲಿಲ್ಲ. ಗಾಯದ ಇತಿಹಾಸವಿರುವವನನ್ನು ಸೂಚಿಸುವಾಗ ಜನವರಿಯಲ್ಲೇ ಮುಗಿಯುವ ಟ್ರೇಡ್ ಸೂಚಿಸಿ.

ಹಂತ 7: ಸಹಿ ಮಾಡಿಸುವುದು

ಸ್ವಂತ ಆಟಗಾರನಾದರೆ ಮೊದಲು ಹಕ್ಕು ಯಾವುದೆಂದು ನೋಡಿ. ತಂಡಗಳ ನಡುವೆ ಫ್ರೀ ಏಜೆಂಟ್ (ಒಪ್ಪಂದ ಮುಗಿದು ಬೇರೆ ತಂಡ ಸೇರಬಲ್ಲವನು) ಆಗಿ ಬದಲಾಗದೆ ಮೂರು ವರ್ಷ ಕಳೆದಿದ್ದರೆ ಪೂರ್ಣ ಬರ್ಡ್ ಹಕ್ಕು, ಕ್ಯಾಪ್ ದಾಟಿಯೂ ಗರಿಷ್ಠ ಸಂಬಳದವರೆಗೆ ಕೊಡಬಹುದು. ಎರಡು ವರ್ಷವಾದರೆ ಹಿಂದಿನ ಸಂಬಳದ 175% ಅಥವಾ ಲೀಗ್‌ನ ಸರಾಸರಿಯ 105%, ಯಾವುದು ಹೆಚ್ಚೋ ಅದು. ಒಂದೇ ವರ್ಷವಾದರೆ ಬಹುತೇಕ 120%. ಅಗ್ಗಕ್ಕೆ ಬಂದು ಮಿಂಚಿದವರನ್ನು ಒಂದೇ ವರ್ಷದ ನಂತರ ತಂಡಗಳು ಕಳೆದುಕೊಳ್ಳುವುದು ಈ ಕೊನೆಯ ಮಿತಿಯಿಂದ. ಆದ್ದರಿಂದ ಅಗ್ಗದ ಸಹಿ ಸೂಚಿಸುವಾಗ ಎರಡು ವರ್ಷದ್ದನ್ನೇ ಕೇಳಿ. ಆಟಗಾರ ಒಂದೇ ವರ್ಷ ಬಯಸುವುದೂ ಇದೇ ಕಾರಣಕ್ಕೆ ಎಂದು ಗೊತ್ತಿರಲಿ.

ಹೊರಗಿನವನಾದರೆ ತಂಡದ ಗೆರೆ ಮತ್ತೆ ಮಾತಾಡುತ್ತದೆ. ಪೂರ್ಣ ಮಿಡ್-ಲೆವೆಲ್ 14.104 ಮಿಲಿಯನ್, ನಾಲ್ಕು ವರ್ಷದವರೆಗೆ. ಬಳಸಿದರೆ ಮೊದಲ ಏಪ್ರನ್‌ಗೆ ಹಾರ್ಡ್ ಕ್ಯಾಪ್. ತೆರಿಗೆ ತಂಡಗಳ ಮಿಡ್-ಲೆವೆಲ್ 5.685, ಎರಡು ವರ್ಷದವರೆಗೆ. ಬಳಸಿದರೆ ಎರಡನೇ ಏಪ್ರನ್‌ಗೆ ಹಾರ್ಡ್ ಕ್ಯಾಪ್. ಕ್ಯಾಪ್ ಜಾಗ ಬಳಸಿದ ತಂಡಕ್ಕೆ 8.781. ಇದಲ್ಲದೆ 5.134ರ ಬೈ-ಆ್ಯನ್ಯುಯಲ್ ವಿನಾಯಿತಿ, ಸತತ ಎರಡು ವರ್ಷ ಸಿಗದು. ಪೂರ್ಣ ಮಿಡ್-ಲೆವೆಲ್ ಅನ್ನು ಈಗ ಟ್ರೇಡ್‌ನಲ್ಲಿ ಆಟಗಾರನನ್ನು ಹೀರಿಕೊಳ್ಳಲೂ ಬಳಸಬಹುದು. ಜುಲೈನಲ್ಲಿ ಪೂರ್ತಿ ಖರ್ಚು ಮಾಡದೆ ಸ್ವಲ್ಪ ಉಳಿಸಿಕೊಂಡ ತಂಡಕ್ಕೆ ಇದು ಫೆಬ್ರವರಿಯಲ್ಲಿ ಒಳ್ಳೆಯ ಉಪಕರಣ.

ಜಾಗವೇ ಇಲ್ಲದಾಗ ಕೊನೆಯ ದಾರಿ ಕೈಬಿಟ್ಟು ಹರಡುವುದು. ಉಳಿದ ವರ್ಷಗಳ ಎರಡರಷ್ಟು ಮತ್ತು ಒಂದು ವರ್ಷಕ್ಕೆ ಸಂಬಳ ಹರಡಬಹುದು. 2025ರ ಜುಲೈನಲ್ಲಿ ಮಿಲ್ವಾಕಿ ಡೇಮಿಯನ್ ಲಿಲ್ಲರ್ಡ್ ಅವರ ಎರಡು ವರ್ಷದ ಸುಮಾರು 113 ಮಿಲಿಯನ್ ಅನ್ನು ಐದು ವರ್ಷಕ್ಕೆ ಹರಡಿ ಮೈಲ್ಸ್ ಟರ್ನರ್ ಅವರನ್ನು ಸಹಿ ಮಾಡಿಸಿತು. ಬೆಲೆ: 2029–30ರವರೆಗೆ ಪ್ರತಿ ವರ್ಷ ಸುಮಾರು 22.5 ಮಿಲಿಯನ್, ಆಡದವನ ಲೆಕ್ಕಕ್ಕೆ. ಯಾನಿಸ್ ಆಂಟೆಟೊಕುಂಪೊ ಅವರಂಥ ಆಟಗಾರನನ್ನು ಉಳಿಸಿಕೊಳ್ಳುವ ಒತ್ತಡವಿದ್ದ ತಂಡದ ನಿರ್ಧಾರ ಅದು. ಮಧ್ಯಮ ತಂಡಕ್ಕೆ ಇದನ್ನು ಸೂಚಿಸಬೇಡಿ.

ಬರೆದು ಮುಂದಿಡುವಾಗ

ತಂಡವಾರು ಬರೆಯಿರಿ: ಕೊಡುವುದು, ಪಡೆಯುವುದು, ಸಂಬಳ ಸಮೇತ. ಕೆಳಗೆ ಪ್ರತಿ ತಂಡದ ಒಟ್ಟು ಸಂಬಳ ಟ್ರೇಡ್‌ಗೆ ಮೊದಲು ಮತ್ತು ನಂತರ, ಯಾವ ಹಾರ್ಡ್ ಕ್ಯಾಪ್ ಬೀಳುತ್ತದೆ, ರೋಸ್ಟರ್ ಸಂಖ್ಯೆ, ಯಾವ ದಿನಾಂಕದ ನಂತರ ಸಾಧ್ಯ. ಪಿಕ್ ಬರೆಯುವಾಗ ವರ್ಷ ಮತ್ತು ರಕ್ಷಣೆ ಬಿಡಬೇಡಿ. "ಒಂದು ಫಸ್ಟ್" ಎಂದರೆ ಏನೂ ಹೇಳಿದಂತಲ್ಲ. ಕೊನೆಯಲ್ಲಿ ಎದುರು ತಂಡ ಬೇಡ ಎನ್ನುವುದಾದರೆ ಯಾವ ಕಾರಣಕ್ಕೆ ಎಂದು ನೀವೇ ಒಂದು ವಾಕ್ಯ ಬರೆಯಿರಿ, ಅದಕ್ಕೆ ಏನು ಸೇರಿಸಬಲ್ಲಿರಿ ಎಂದೂ ಬರೆಯಿರಿ. ಎರಡೂ ಕಡೆಯ ಅಭಿಮಾನಿಗಳು ಸ್ವಲ್ಪ ಸ್ವಲ್ಪ ಗೊಣಗಿದರೆ ಬೆಲೆ ಸರಿಸುಮಾರಾಗಿದೆ.

ಗಡುವು ಮುಗಿದ ಮೇಲೂ ಒಂದು ಕಿಟಕಿ ತೆರೆದಿರುತ್ತದೆ. ಮಾರ್ಚ್ 1ರೊಳಗೆ ಹಳೆಯ ತಂಡ ಕೈಬಿಟ್ಟ ಆಟಗಾರ ಹೊಸ ತಂಡದಲ್ಲಿ ಪ್ಲೇಆಫ್ ಆಡಬಹುದು. ಆದರೆ ಮೊದಲ ಏಪ್ರನ್ ದಾಟಿದ ತಂಡ, ಕೈಬಿಡುವ ಮೊದಲು 14.104 ಮಿಲಿಯನ್‌ಗಿಂತ ಹೆಚ್ಚು ಸಂಬಳವಿದ್ದವನನ್ನು ಆ ಸೀಸನ್ನಿನಲ್ಲಿ ಸೇರಿಸಿಕೊಳ್ಳುವಂತಿಲ್ಲ. ಬೈಔಟ್ ಪಟ್ಟಿ ಮಾಡುವಾಗ ಹೆಸರಿನ ಮುಂದೆ ಮೊದಲು ಆ ಹಳೆಯ ಸಂಬಳ ಬರೆದುಕೊಳ್ಳಿ, ಆಮೇಲೆ ನಿಮ್ಮ ರೋಸ್ಟರ್‌ನಲ್ಲಿ ಹದಿನೈದನೇ ಜಾಗ ಖಾಲಿಯಿದೆಯೇ ನೋಡಿ.